ಪಾಕೀಟಿನ ಮೇಲಿನ ಗೌರಕ್ಕ

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ತುಕ್ಕಾನಟ್ಟಿಯ ಹೊಲದ ಮನೆಯ ಮುಂದೆ ಗೌರಕ್ಕ ಕಡಲೆ ಹರವಿ ಕಲ್ಲು ಆರಿಸುತ್ತಿದ್ದಾಗ, ರಸ್ತೆಯ ಕಡೆಯಿಂದ ಒಬ್ಬಳೇ ನಡೆದುಬಂದ ಹೆಂಗಸೊಬ್ಬಳು ಅಂಗಳದಲ್ಲಿ ನಿಂತಳು. ಕೈಚೀಲದಿಂದ ಬೆಲ್ಲದ ಪಾಕೀಟು ತೆಗೆದು, ಅದರ ಮೇಲಿನ ಚಿತ್ರವನ್ನೂ ಗೌರಕ್ಕನ ಮುಖವನ್ನೂ ಹೋಲಿಸಿ ನೋಡಿದಳು.

“ಈ ಫೋಟೋದಾಗಿರೋರು ನೀವ ಏನ್ರಿ?”

ಗೌರಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ನಕ್ಕಳು. ಹಾಗೆ ಹುಡುಕಿಕೊಂಡು ಬಂದವರು ಇವಳೇ ಮೊದಲಿಗಳಲ್ಲ. ಪಾಕೀಟಿನ ಮೇಲೆ ಊರಿನ ಹೆಸರೂ ಇತ್ತು. ದಾರಿಯಲ್ಲಿ ಹೋಗುವವರು ಕೆಲವರು ಇಳಿದು, ನಿಮ್ಮ ಬೆಲ್ಲ ತಿಂದೇವ್ರಿ ಎಂದು ಹೇಳಿಹೋಗುವುದಿತ್ತು. ಆದರೆ ಬಂದವಳು ನಗಲಿಲ್ಲ. ನೀರು ಕೊಟ್ಟರೆ ತುಟಿಗೆ ತಾಗಿಸಿ ಕೆಳಗಿಟ್ಟಳು.

ಅವಳ ಹೆಸರು ವಿದ್ಯಾ. ಹುಕ್ಕೇರಿಯವಳು, ಮನೆಯಲ್ಲಿ ಕುಪ್ಪಸ ಹೊಲಿಯುವ ಕೆಲಸ. ಆರು ವರ್ಷದ ಮಗಳು ಕಾಜಲ್‌ಗೆ ಎಳವೆಯಿಂದಲೂ ಉಸಿರಿನ ತೊಂದರೆ. ಮೊನ್ನೆ ಸಂಜೆ ಊಟವಾದ ಸ್ವಲ್ಪ ಹೊತ್ತಿಗೆ ಹುಡುಗಿಗೆ ಉಸಿರು ಕಟ್ಟಿ, ತುಟಿ ನೀಲಿಗಟ್ಟಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ಏನೇನು ತಿಂದಿದ್ದಳು ಎಂದು ಡಾಕ್ಟರರು ಒಂದೊಂದಾಗಿ ಕೇಳಿದ್ದರು. ಹೊಸದಾಗಿ ತಿಂದದ್ದು ಈ ಬೆಲ್ಲ ಮಾತ್ರ. ಬಣ್ಣ ಬರಲೆಂದು ಕೆಲವರು ಬೆಲ್ಲಕ್ಕೆ ಬಿಳಿ ಪುಡಿ ಹಾಕುತ್ತಾರೆ, ಇಂಥ ಮಕ್ಕಳಿಗೆ ಅದು ಆಗುವುದಿಲ್ಲ ಎಂದು ಅವರು ಹಿಂದೆಯೇ ಹೇಳಿದ್ದರಂತೆ. ಆ ಭಯಕ್ಕೇ ತಾನು ಬೇರೆ ಬೆಲ್ಲ ಬಿಟ್ಟು, ಸಾವಯವ ಎಂಬ ಹಸಿರು ಮುದ್ರೆ ನೋಡಿ ಇದನ್ನು ತಂದದ್ದು ಎಂದು ವಿದ್ಯಾ ಹೇಳಿದಳು.

“ನಾ ಜಗಳಾ ಮಾಡಾಕ ಬಂದಿಲ್ರಿ ಅಕ್ಕಾರ. ಇದರಾಗ ಏನರ ಹಾಕಿದ್ರ ಹೇಳಿಬಿಡ್ರಿ. ಅದನ್ನ ತಿಳಕೊಂಡು ಡಾಕ್ಟರಿಗೆ ಹೇಳಬೇಕು.”

ಗೌರಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಹೊಲಕ್ಕೆ ವಿಷ ಹಾಕುವುದಿಲ್ಲ ಎಂದು ಅವಳು ನಿರ್ಧರಿಸಿದ್ದು ಯಾವ ಮುದ್ರೆಗಾಗಿಯೂ ಅಲ್ಲ. ಕೊಣ್ಣೂರಿನ ಹುಡುಗಿ ಅವಳು. ಮದುವೆಯಾಗಿ ಈ ಮನೆಗೆ ಬಂದಾಗ ಎಲ್ಲರಂತೆ ಇವರೂ ಗೊಬ್ಬರದ ಚೀಲ ಸುರಿದು, ಕೀಟ ಕೊಲ್ಲುವ ಎಣ್ಣೆ ಹೊಡೆದು ಬೆಳೆಯುತ್ತಿದ್ದರು. ಒಂದು ವರ್ಷ ಗೋವಿನಜೋಳಕ್ಕೆ ಔಷಧ ಹೊಡೆಯಲು ಹೋದ ಗಂಡ ಅಲ್ಲಪ್ಪ ಹೊತ್ತು ಏರಿದರೂ ಮರಳಲಿಲ್ಲ. ಹುಡುಕುತ್ತ ಹೋದರೆ ಬೆಳೆಯ ನಡುವೆ ಬಾಯಲ್ಲಿ ನೊರೆ ಬಿಟ್ಟುಕೊಂಡು ಬಿದ್ದಿದ್ದ. ಟ್ರಾಲಿಯಲ್ಲಿ ಹಾಕಿಕೊಂಡು ಗೋಕಾಕದ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು, ಕೈಬೆರಳುಗಳ ನಡುಕ ಮಾತ್ರ ಹೋಗಲೇ ಇಲ್ಲ. ಮನೆಗೆ ಬಂದ ದಿನವೇ ಗೌರಕ್ಕ ಎಣ್ಣೆ ಹೊಡೆಯುವ ಪಂಪನ್ನು ಕಲ್ಲಿನಿಂದ ಜಜ್ಜಿ ಹಾಕಿದ್ದಳು.

ಅದೆಲ್ಲವನ್ನೂ ಅವಳು ವಿದ್ಯಾಳಿಗೆ ಹೇಳಿದಳು. ಸೆಗಣಿ ಗೊಬ್ಬರದ ತಿಪ್ಪೆ ತೋರಿಸಿದಳು, ಬಾಗಿಲು ಹಾಕಿದ್ದ ಗಾಣ ತೆರೆದು ತೋರಿಸಿದಳು. ಕಬ್ಬಿನ ಹಾಲಿಗೆ ಬೆಂಡೆಗಿಡದ ರಸ, ಒಂದಿಷ್ಟು ಸುಣ್ಣದ ತಿಳಿ, ಅದರಾಚೆ ಈ ಕಡಾಯಿ ಏನನ್ನೂ ಕಂಡಿಲ್ಲ ಎಂದಳು. ವರ್ಷಕ್ಕೊಮ್ಮೆ ಪ್ರಮಾಣಪತ್ರದವರು ಬಂದು ಮಣ್ಣು, ನೀರು, ಎಲೆ ಎಲ್ಲ ಒಯ್ದು ಪರೀಕ್ಷೆ ಮಾಡುತ್ತಾರೆ ಎಂದಳು. ಇಷ್ಟೆಲ್ಲ ಆದಮೇಲೂ ವಿದ್ಯಾಳ ಹುಬ್ಬಿನ ಗಂಟು ಸಡಿಲದಿದ್ದಾಗ ಅವಳ ಕೈ ಹಿಡಿದುಕೊಂಡಳು.

“ನನ್ನ ಗಂಡನ ಆಣಿ ಮಾಡಿ ಹೇಳ್ತೇನಿ ತಂಗಿ. ಕೂಸಿಗೆ ಕೊಡು, ಏನೂ ಆಗೂದಿಲ್ಲ.”

ವಿದ್ಯಾ ಅಲ್ಲಿಯೇ ನಿಂತು ಗಂಡ ಸಾಗರನಿಗೆ ಫೋನು ಮಾಡಿ, ಬೆಲ್ಲದಿಂದ ಆದದ್ದಲ್ಲವಂತೆ ಎಂದು ಡಾಕ್ಟರರಿಗೆ ತಿಳಿಸಲು ಹೇಳಿದಳು. ಮನೆಯ ಬಾಜೂ ಹೊಸ ಕಟ್ಟಡ ಏಳುತ್ತಿತ್ತು, ಅದರ ಧೂಳಿಗೇ ಆಗಿರಬೇಕು ಎಂದಳು. ಮಧ್ಯಾಹ್ನ ಹುಡುಗಿಯನ್ನು ಮನೆಗೆ ಬಿಡುತ್ತಾರೆ, ಬಂದವಳೇ ಬೆಲ್ಲ ತುಪ್ಪ ಸವರಿದ ಚಪಾತಿ ಕೇಳುತ್ತಾಳೆ ಎಂದು ಹೇಳುವಾಗ ಅವಳ ಮುಖ ಮೊದಲ ಬಾರಿಗೆ ಅರಳಿತು. ಗೌರಕ್ಕನೇ ಪಾಕೀಟಿನ ಬಾಯಿ ಮಡಚಿ ಅವಳ ಚೀಲಕ್ಕೆ ಹಾಕಿದಳು.

ಮಡಚುವಾಗ ಒಂದು ಚೂರು ಕೆಳಗೆ ಬಿದ್ದಿತ್ತು. ವಿದ್ಯಾ ಹೋದಮೇಲೆ ಗೌರಕ್ಕ ಅದನ್ನೆತ್ತಿ ಊದಿ ಬಾಯಿಗೆ ಹಾಕಿಕೊಳ್ಳಲು ಹೋದವಳು ಹಾಗೆಯೇ ನಿಂತಳು. ಬಿಸಿಲಿನಲ್ಲಿ ಆ ಚೂರು ಹಳದಿಗೆ ಹೊಳೆಯುತ್ತಿತ್ತು. ಅವಳ ಬೆಲ್ಲಕ್ಕೆ ಹಳೆಯ ಹುಣಸೆಹಣ್ಣಿನ ಬಣ್ಣ. ನಾಲಿಗೆಗೆ ಹಚ್ಚಿದರೆ ಸಿಹಿಯ ಹಿಂದೆ ಏನೋ ಉಪ್ಪುಪ್ಪು.

ಇದು ನಮ್ಮದಲ್ಲ. ಹಾಗೆಂದುಕೊಂಡ ಮರುಗಳಿಗೆಯೇ ತಾನು ಮಾಡಿದ ಆಣೆ ನೆನಪಾಗಿ ಅವಳು ರಸ್ತೆಗೆ ಓಡಿದಳು. ಕಲ್ಲೋಳಿಯ ಕಡೆ ಹೊರಟಿದ್ದ ಟಂಟಂ ರಿಕ್ಷಾದ ಧೂಳು ಮಾತ್ರ ಕಂಡಿತು. ವಿದ್ಯಾಳ ಫೋನ್ ನಂಬರನ್ನಾಗಲಿ, ಮನೆ ಎಲ್ಲಿ ಎಂಬುದನ್ನಾಗಲಿ ಅವಳು ಕೇಳಿರಲಿಲ್ಲ.

ಬೆಲ್ಲವನ್ನು ಪಾಕೀಟು ಮಾಡಿ ಮಾರುವವನು ಗೋಕಾಕದ ಪರಶುರಾಮ. ಎರಡು ವರ್ಷದ ಹಿಂದೆ ಗೌರಕ್ಕನ ಕೈಯಲ್ಲಿ ಬೆಲ್ಲದ ದೊಡ್ಡ ಉಂಡೆ, ಪೆಂಟಿ ಕೊಟ್ಟು ನಿಲ್ಲಿಸಿ ಫೋಟೋ ತೆಗೆಸಿದವನೂ ಅವನೇ. ಯಾರದೋ ಗಾಣದ ಬೆಲ್ಲ ತಂದು ತನ್ನ ಮುಖದ ಪಾಕೀಟಿನಲ್ಲಿ ತುಂಬುತ್ತಿದ್ದಾನೆ ಎಂಬುದರಲ್ಲಿ ಅವಳಿಗೆ ಸಂಶಯ ಉಳಿಯಲಿಲ್ಲ. ಹುಕ್ಕೇರಿಯಲ್ಲಿ ಯಾವ ಅಂಗಡಿಗೆ ಕೊಟ್ಟಿದ್ದಾನೆ ಎಂಬುದೂ ಅವನಿಂದಲೇ ತಿಳಿಯಬೇಕು. ಹೊರಡುವಾಗ ಅಲ್ಲಪ್ಪನಿಗೆ ನಡೆದದ್ದನ್ನು ಹೇಳಿದಳು. ಅವನು ನಡುಗುವ ಬೆರಳುಗಳನ್ನು ಮಡಿಲಲ್ಲಿ ಅದುಮಿಕೊಂಡು, ಮುತ್ತಪ್ಪ ಬರಲಿ, ಅವನನ್ನು ಕೇಳಿಕೊಂಡು ಹೋಗು ಎಂದ. ಮುತ್ತಪ್ಪ ಅಲ್ಲಪ್ಪನ ತಮ್ಮ, ಗಾಣದಲ್ಲಿ ಪಾಕದ ಹದ ನೋಡುವವನು. ಅಂದು ಮೂಡಲಗಿಗೆ ಹೋಗಿದ್ದ. ಕಾಯುವಷ್ಟು ತಾಳ್ಮೆ ಗೌರಕ್ಕನಿಗೆ ಇರಲಿಲ್ಲ.

ಗೋಕಾಕದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಪರಶುರಾಮನ ಕೋಣೆ. ನಾಲ್ಕು ಹೆಂಗಸರು ಕುಳಿತು ಬೆಲ್ಲ ಒಡೆದು ತೂಗಿ ಪಾಕೀಟಿಗೆ ತುಂಬುತ್ತಿದ್ದರು. ಒಂದು ಮೂಲೆಯಲ್ಲಿ ಇನ್ನೂ ಖಾಲಿಯಿದ್ದ ಪಾಕೀಟುಗಳ ರಾಶಿ. ಅದರ ತುಂಬ ಅವಳದೇ ನಗುಮುಖ. ಗೌರಕ್ಕ ಬಾಗಿಲಲ್ಲೇ ನಿಂತು, ನನ್ನ ಹೆಸರಿನಲ್ಲಿ ಯಾರ ಬೆಲ್ಲ ಮಾರುತ್ತಿದ್ದೀ ಎಂದು ಕೇಳಿದಳು. ಹೆಂಗಸರ ಕೈಗಳು ನಿಂತವು.

ಪರಶುರಾಮ ಸಿಟ್ಟಾಗಲಿಲ್ಲ. ಒಂದು ಚೀಲದ ಬಾಯಿ ಬಿಚ್ಚಿ, ಪೆಂಟಿಯೊಂದನ್ನು ಎತ್ತಿ ತಲೆಕೆಳಗು ಮಾಡಿ ಅವಳ ಮುಂದೆ ಹಿಡಿದ. ಅದರ ತಳದಲ್ಲಿ ‘ಅ’ ಅಕ್ಷರ ಮೂಡಿತ್ತು. ಬೆಲ್ಲ ಸುರಿಯುವ ಅಚ್ಚಿನಲ್ಲಿ ಅಲ್ಲಪ್ಪ ತನ್ನ ಕೈ ಗಟ್ಟಿಯಿದ್ದಾಗ ಕೊರೆದ ಅಕ್ಷರ ಅದು. ಗೌರಕ್ಕ ಇನ್ನೊಂದು ಪೆಂಟಿ ಎತ್ತಿ ನೋಡಿದಳು, ಮತ್ತೊಂದು ನೋಡಿದಳು. ಎಲ್ಲ ಹಳದಿ, ಎಲ್ಲದರ ತಳದಲ್ಲೂ ಅದೇ ‘ಅ’.

ಸಂಕ್ರಾಂತಿಯ ನಂತರ ಬಂದ ಮಾಲು ಇದು ಎಂದ ಪರಶುರಾಮ. ಮೊದಲಿನ ಕರಿ ಬೆಲ್ಲವನ್ನು ಅಂಗಡಿಯವರು ತಿರುಗಿ ಕಳಿಸುತ್ತಿದ್ದರು, ಬಣ್ಣದ ಕಡೆ ಸ್ವಲ್ಪ ಲಕ್ಷ್ಯ ಕೊಡು ಎಂದು ಮುತ್ತಪ್ಪನಿಗೆ ಹೇಳಿದ್ದು ಖರೆ.

“ಪುಡಿ ಹಾಕು ಅಂತ ನಾ ಅಂದಿಲ್ರಿ. ಏನ ಹಾಕಿದಿ ಅಂತ ಕೇಳೂ ಇಲ್ಲ. ಹೊಲಾ ನಿಮ್ಮದ, ಕಬ್ಬ ನಿಮ್ಮದ, ಸರ್ಟಿಫಿಕೇಟ ಖರೆದ ಐತಿ. ಲೇಬಲ್ ಏನ ಸುಳ್ಳ ಹೇಳ್ತತ್ರಿ?”

ಸಂಕ್ರಾಂತಿಯ ನಂತರ ಗೌರಕ್ಕ ಮನೆಯಲ್ಲಿ ಇರಲಿಲ್ಲ. ಕೊಣ್ಣೂರಿನಲ್ಲಿ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅವಳ ಸೇವೆಗೆಂದು ಹೋದವಳು ಮರಳಿದ್ದು ಗಾಣ ನಿಂತ ಮೇಲೆ. ಅಷ್ಟು ದಿನವೂ ಕಡಾಯಿಯ ಮುಂದೆ ಇದ್ದವನು ಮುತ್ತಪ್ಪ. ಅವಳು ಸೊಸೆಯಾಗಿ ಬಂದಾಗ ಚಡ್ಡಿ ಜಾರುತ್ತಿದ್ದ ಹುಡುಗ ಅವನು, ತಾಯಿಯಿಲ್ಲದವನು. ಅವನಿಗೆ ಅನ್ನ ಕಲಸಿ ತಿನ್ನಿಸಿದ್ದು, ಶಾಲೆಗೆ ಕಳಿಸಿದ್ದು, ಸೀತವ್ವನನ್ನು ನೋಡಿ ಮದುವೆ ಮಾಡಿದ್ದು ಇವಳೇ. ಪರಶುರಾಮನ ಎದುರಿಗೇ ಅವಳು ಅವನಿಗೆ ಫೋನು ಹಚ್ಚಿದಳು.

“ಮುತ್ತಪ್ಪಾ, ಕಡಾಯಿದಾಗ ಏನ ಹಾಕಿದಿ?”

ಆ ಕಡೆಯಿಂದ ಮೂಡಲಗಿಯ ಪೇಟೆಯ ಗದ್ದಲ ಕೇಳುತ್ತಿತ್ತು. ಅವಳು ಫೋನು ಕಿವಿಗೆ ಒತ್ತಿಕೊಂಡು ಕಾದಳು.

“ಒಂದ ಚಿಟಿಕಿ, ವೈನಿ,” ಎಂದ ಅವನು ಅತ್ತಿಗೆಗೆ. “ಎಲ್ಲಾರೂ ಹಾಕ್ತಾರ.”

ಗೌರಕ್ಕ ಫೋನಿಟ್ಟಳು. ಹುಕ್ಕೇರಿಯಲ್ಲಿ ಈ ಪಾಕೀಟು ಮಾರುವ ಅಂಗಡಿ ಯಾವುದು ಎಂದು ಮಾತ್ರ ಪರಶುರಾಮನನ್ನು ಕೇಳಿದಳು. ಮಾರುವುದು ಒಂದೇ ಅಂಗಡಿ, ಪೇಟೆಯಲ್ಲಿದೆ ಎಂದ. ಅದರ ಹೆಸರನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಬಸ್ಸು ಹತ್ತಿದಳು.

ಬಸ್ಸು ಘಟಪ್ರಭಾದಲ್ಲಿ ರೈಲ್ವೆ ಗೇಟಿಗೆ ನಿಂತಿತು. ಗೂಡ್ಸ್ ರೈಲು ಬರಬೇಕಿತ್ತು, ಬರಲೊಲ್ಲದು. ಚಾಲಕ ಇಂಜಿನ್ ಆರಿಸಿ ಬೀಡಿ ಹಚ್ಚಿದ. ಮಧ್ಯಾಹ್ನ ಮನೆಗೆ ಬಿಡುತ್ತಾರೆ ಎಂದಿದ್ದಳು ವಿದ್ಯಾ. ಈಗ ಮಧ್ಯಾಹ್ನ ಕಳೆದಿತ್ತು. ಗೌರಕ್ಕ ಸೀಟಿನ ತುದಿಗೆ ಕುಳಿತು ಮುಂದಿನ ಕಂಬಿ ಹಿಡಿದುಕೊಂಡಿದ್ದಳು. ಕೂಸಿಗೆ ಕೊಡು ಎಂದು ಹೇಳಿದ ತನ್ನದೇ ಮಾತು ಕಿವಿಯಿಂದ ಇಳಿಯುತ್ತಿರಲಿಲ್ಲ. ಆ ತಾಯಿ ಅನುಮಾನಪಟ್ಟು ಅಷ್ಟು ದೂರ ಬಂದಿದ್ದಳು. ಅವಳ ಅನುಮಾನವೇ ಹುಡುಗಿಯನ್ನು ಕಾಯುತ್ತಿತ್ತು. ಅದನ್ನು ಆಣೆ ಮಾಡಿ ಕಿತ್ತುಹಾಕಿದವಳು ತಾನು.

ಹುಕ್ಕೇರಿಯ ಅಂಗಡಿಯವನು ಪಾಕೀಟಿನ ಮುಖವೇ ಎದುರಿಗೆ ಬಂದು ನಿಂತದ್ದನ್ನು ಕಂಡು ಬೆರಗಾದ. ಕುಪ್ಪಸ ಹೊಲಿಯುವ ವಿದ್ಯಾ ಎಂದರೆ ಅವನಿಗೆ ಗೊತ್ತಿತ್ತು. ಹೊಸ ಕಟ್ಟಡದ ಪಕ್ಕದ ಹೆಂಚಿನ ಮನೆ ಎಂದು ಓಣಿ ತೋರಿಸಿದ. ಗೌರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುನಡಿಗೆಯಲ್ಲಿ ಹೋದಳು.

ಹೊಸ್ತಿಲ ಮೇಲೆ ಒಬ್ಬ ಹುಡುಗಿ ಕುಳಿತಿದ್ದಳು. ಮುಂಗೈಯಲ್ಲಿ ಸೂಜಿ ಚುಚ್ಚಿದಲ್ಲಿ ಹಚ್ಚಿದ ಪಟ್ಟಿ. ಇನ್ನೊಂದು ಕೈಯಲ್ಲಿ ಸುರುಳಿ ಸುತ್ತಿದ ಚಪಾತಿ, ಅರ್ಧ ತಿಂದದ್ದು. ಗೌರಕ್ಕ ಮಾತನಾಡದೆ ಅದನ್ನು ಕಿತ್ತುಕೊಂಡು ಅಂಗಳದಾಚೆ ಎಸೆದಳು. ಗುರುತಿಲ್ಲದ ಹೆಂಗಸು ಹೀಗೆ ಮಾಡಿದ್ದಕ್ಕೆ ಹುಡುಗಿ ಹೆದರಿ ಅಳತೊಡಗಿದಳು. ವಿದ್ಯಾ ಒಳಗಿನಿಂದ ಓಡಿಬಂದಳು, ಅವಳ ಹಿಂದೆ ಸಾಗರ.

“ನಾ ಮುಂಜಾನಿ ಹೇಳಿದ್ದು ಸುಳ್ಳಾತು ತಂಗಿ,” ಎಂದಳು ಗೌರಕ್ಕ. ಏದುಸಿರಿನಲ್ಲಿ ಮಾತು ಕಡಿಯುತ್ತಿತ್ತು. “ಅದರಾಗ ಪುಡಿ ಐತಿ. ನನಗ ಗೊತ್ತಿರಲಿಲ್ಲ. ಗೊತ್ತಿಲ್ಲದನ ಆಣಿ ಮಾಡಿದೆ.”

ವಿದ್ಯಾ ಬೈಯಲಿಲ್ಲ. ಮಗಳನ್ನು ಎತ್ತಿಕೊಂಡು ಬಾಯಿ ತೊಳೆಸಿದಳು, ನೀರು ಕುಡಿಸಿದಳು, ತೊಡೆಯ ಮೇಲೆ ಕೂರಿಸಿಕೊಂಡು ಎದೆಗೆ ಕಿವಿಯಿಟ್ಟಳು. ಸಾಗರ ಬೈಕಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತ. ಗೌರಕ್ಕನಿಗೆ ಯಾರೂ ಕುಳಿತುಕೋ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಮೂವರೂ ಆ ಪುಟ್ಟ ಎದೆ ಏರಿಳಿಯುವುದನ್ನೇ ನೋಡುತ್ತಿದ್ದರು. ಹುಡುಗಿಯ ಅಳು ನಿಂತಿತು. ಪಕ್ಕದ ಕಟ್ಟಡದಲ್ಲಿ ಇಟ್ಟಿಗೆ ಇಳಿಸುವ ಸದ್ದು. ಏನೂ ಆಗಲಿಕ್ಕಿಲ್ಲ ಎಂದು ಗೌರಕ್ಕನ ಮನಸ್ಸು ಆಸೆಪಡುವಷ್ಟರಲ್ಲಿ ಕಾಜಲ್ ಒಮ್ಮೆ ಕೆಮ್ಮಿದಳು. ಮತ್ತೊಮ್ಮೆ ಕೆಮ್ಮಿದಳು. ಆಮೇಲೆ ಉಸಿರಿನ ಕೊನೆಯಲ್ಲಿ ಸೀಟಿಯಂಥ ಸಣ್ಣ ಸದ್ದು ಶುರುವಾಯಿತು.

ಸಾಗರ ಬೈಕ್ ಹೊಡೆದ. ನಡುವೆ ಹುಡುಗಿ, ಹಿಂದೆ ವಿದ್ಯಾ. ಗೌರಕ್ಕ ಆಟೋ ಹಿಡಿದು ಹಿಂದಿನಿಂದ ಹೋದಳು. ಅವಳು ಆಸ್ಪತ್ರೆ ತಲುಪುವ ಹೊತ್ತಿಗೆ ಹುಡುಗಿಯ ಮುಖಕ್ಕೆ ಮಾಸ್ಕ್ ಕಟ್ಟಿ, ಔಷಧದ ಹಬೆ ಬಿಡುತ್ತಿದ್ದರು. ಕತ್ತಿನ ಗುಳಿ ಪ್ರತಿ ಉಸಿರಿಗೂ ಒಳಸರಿಯುತ್ತಿತ್ತು. ಗೌರಕ್ಕ ಡಾಕ್ಟರರ ಮುಂದೆ ನಿಂತು, ಬೆಲ್ಲದಲ್ಲಿ ಬಿಳಿ ಪುಡಿ ಹಾಕಿದ್ದು ಖರೆ, ಹಾಕಿದವನು ನನ್ನ ಮೈದುನ, ಮುಂಜಾನೆ ತಪ್ಪು ಹೇಳಿಸಿದವಳು ನಾನು ಎಂದು ಹೇಳಿದಳು. ಅವರು ತಲೆಯಾಡಿಸಿ, ಚೀಟಿಯಲ್ಲಿ ಏನನ್ನೋ ಹೊಡೆದುಹಾಕಿ ಬೇರೆ ಬರೆದರು.

ಹೊತ್ತು ಮುಳುಗುವಾಗ ಸೀಟಿಯ ಸದ್ದು ತಗ್ಗಿತು. ಹುಡುಗಿಗೆ ನಿದ್ದೆ ಹತ್ತಿತು. ವಿದ್ಯಾ ಆಗಲೂ ಗೌರಕ್ಕನ ಕಡೆ ತಿರುಗಿ ನೋಡಲಿಲ್ಲ. ಸಾಗರನೇ ಹೊರಗೆ ಬಂದು, ಕೊನೆಯ ಬಸ್ಸು ಹೋದೀತು, ಹೊರಡ್ರಿ ಎಂದ. ಅವನ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ.

ಮರುದಿನ ಮುತ್ತಪ್ಪ ಅತ್ತಿಗೆಯ ಮುಂದೆ ಕುಳಿತು ಎಲ್ಲ ಹೇಳಿದ. ಅವಳು ಇಲ್ಲದಾಗ ಒಂದು ಪಾಕ ಅಡಿಹತ್ತಿ ಕಪ್ಪಾಯಿತು. ಪರಶುರಾಮ ಅದನ್ನು ತಿರುಗಿ ಕಳಿಸಿದ. ತನ್ನ ಕೈಯಲ್ಲಿ ಗಾಣ ಕೆಟ್ಟಿತು ಎನ್ನಿಸಿಕೊಳ್ಳುವ ಭಯಕ್ಕೆ ಇನ್ನೊಂದು ಗಾಣದವನಿಂದ ಪುಡಿ ತಂದ. ಹಾಕಿದ ಕೂಡಲೇ ಪಾಕ ಬಂಗಾರದ ಬಣ್ಣಕ್ಕೆ ತಿರುಗಿತು, ಎಲ್ಲರೂ ಹೊಗಳಿದರು, ಆಮೇಲೆ ಬಿಡಲಾಗಲಿಲ್ಲ. ಅಲ್ಲಪ್ಪನೂ ಬಾಯಿ ಬಿಟ್ಟ. ಅವನಿಗೆ ವಾಸನೆ ಬಡಿದಿತ್ತು. ತಮ್ಮನನ್ನು ಕೇಳಿದರೆ ಹೌದು ಎಂದಾನು ಎಂದು ಹೆದರಿ ಕೇಳಿರಲಿಲ್ಲ.

ಗೌರಕ್ಕ ಅಲ್ಲಿಂದ ಎದ್ದಳು. ಪರಶುರಾಮನ ಬಳಿಗೆ ಹೋಗಿ, ಸಂಕ್ರಾಂತಿಯಿಂದ ಈಚಿನ ಪಾಕೀಟುಗಳನ್ನೆಲ್ಲ ಅಂಗಡಿಗಳಿಂದ ತೆಗೆಸು ಎಂದಳು. ಅವನು ಒಪ್ಪಲಿಲ್ಲ. ಒಂದು ಹುಡುಗಿಗೆ ಆಗದಿದ್ದರೆ ಊರಿಗೇ ಆಗುವುದಿಲ್ಲವೇ, ಹೀಗೆ ಡಂಗುರ ಸಾರಿದರೆ ನಾಳೆ ಯಾರ ಸಾವಯವ ಮಾಲನ್ನೂ ಯಾರೂ ಮುಟ್ಟುವುದಿಲ್ಲ, ನಿಮ್ಮಂತೆ ಖರೆ ಬೆಳೆಯುವವರ ಹೊಟ್ಟೆಗೂ ಕಲ್ಲು ಬೀಳುತ್ತದೆ ಎಂದು ವಾದಿಸಿದ. ಆ ಮಾತಿನಲ್ಲಿ ಸತ್ಯ ಇತ್ತು, ಅದಕ್ಕೇ ಅವಳಿಗೆ ನಿದ್ದೆ ಬರಲಿಲ್ಲ. ಊರಿನಲ್ಲಿ ಹೀಗೆಯೇ ಬೆಳೆಯುತ್ತಿದ್ದ ನಾಲ್ಕು ಮನೆಯವರೂ ಬಂದು, ಬಾಯಿ ಮುಚ್ಚಿಕೊಂಡಿರು ಎಂದು ಕೈ ಮುಗಿದು ಕೇಳಿದರು. ಅವರಲ್ಲಿ ಉದ್ದಪ್ಪ ಅವಳಿಗೆ ದೂರದ ಅಣ್ಣನಾಗಬೇಕು. ನಮ್ಮ ತಾಟಿಗೆ ಯಾಕ ಮಣ್ಣ ಹಾಕ್ತಿ ಎಂದು ಅವನು ಕೇಳಿದ.

ಆದರೂ ಹೋದಳು. ಗೋಕಾಕ, ಹುಕ್ಕೇರಿ, ಮೂಡಲಗಿ, ಪಾಕೀಟು ಎಲ್ಲೆಲ್ಲಿ ಹೋಗಿತ್ತೋ ಆ ಅಂಗಡಿಗಳ ಕಟ್ಟೆ ಹತ್ತಿದಳು. ಕೆಲವರು ಪಾಕೀಟು ತೆಗೆದುಕೊಟ್ಟರು. ಕೆಲವರು, ಪರಶುರಾಮ ಹೇಳದೆ ಕೊಡುವುದಿಲ್ಲ ಎಂದರು. ಒಬ್ಬನು ನಕ್ಕು, ನೀನೇ ಬಂದು ಬೇಡ ಅಂದರೆ ಮತ್ತಷ್ಟು ಮಾರಾಟವಾಗುತ್ತದೆ ಎಂದ. ಗಿರಾಕಿಗಳ ಮುಂದೆ ತನ್ನದೇ ಚಿತ್ರ ತೋರಿಸಿ, ಇದನ್ನು ಉಸಿರಿನ ತೊಂದರೆ ಇರುವವರಿಗೆ ಕೊಡಬೇಡಿ ಎಂದು ಹೇಳಿದಳು. ಪ್ರಮಾಣಪತ್ರದವರಿಗೂ ಅವಳೇ ಸುದ್ದಿ ಮುಟ್ಟಿಸಿದಳು. ಅವರು ಬಂದು, ಈ ಸಲ ಹೊಲಕ್ಕೆ ಹೋಗದೆ ನೇರ ಗಾಣಕ್ಕೆ ಹೋದರು. ಹಸಿರು ಮುದ್ರೆ ಹೋಯಿತು. ಉಳಿದ ನಾಲ್ಕು ಮನೆಗಳ ಮುದ್ರೆ ಉಳಿಯಿತು, ಆದರೆ ಉದ್ದಪ್ಪ ಆಮೇಲೆ ಗೌರಕ್ಕನ ಮನೆಯ ಕಟ್ಟೆ ತುಳಿಯಲಿಲ್ಲ. ಸೀತವ್ವ ಗಂಡನನ್ನು ಕರೆದುಕೊಂಡು ತವರಿಗೆ ಹೋದಳು. ನಿನ್ನ ಮಗನಾಗಿದ್ದರೆ ಹೀಗೆ ಪೇಟೆಯಲ್ಲಿ ನಿಲ್ಲಿಸುತ್ತಿದ್ದೆಯಾ ಎಂದು ಹೋಗುವಾಗ ಕೇಳಿದಳು. ಗೌರಕ್ಕ ಆ ದಿನ ಒಲೆ ಹೊತ್ತಿಸಲಿಲ್ಲ.

ದೀಪಾವಳಿ ಕಳೆದು ಗಾಣ ಮತ್ತೆ ಶುರುವಾಗುವ ಹೊತ್ತಿಗೆ ಮುತ್ತಪ್ಪ ತಾನಾಗಿಯೇ ಮರಳಿದ. ಗೌರಕ್ಕ ಅವನನ್ನು ಕರೆಯಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಅವನು ಪಾಕ ತಿರುವುತ್ತಾನೆ, ಗೌರಕ್ಕ ಕಡಾಯಿಯ ಎದುರಿನ ಕಲ್ಲಿನ ಮೇಲೆ ಕುಳಿತಿರುತ್ತಾಳೆ. ಅವನು ಜೇಬಿಗೆ ಕೈ ಹಾಕಿದರೆ ಅವಳ ಕಣ್ಣು ಅಲ್ಲಿಗೆ ಹೋಗುತ್ತದೆ. ತಂಬಾಕಿನ ಡಬ್ಬಿ ಹೊರಬಂದಮೇಲೆ ತಿರುಗುತ್ತದೆ. ಅದು ಅವನಿಗೂ ಗೊತ್ತು. ಒಂದು ದಿನ ಅವನು ಅಂಗಿಯನ್ನೇ ಕಳಚಿ ಹೊರಗಿನ ಗೂಟಕ್ಕೆ ಹಾಕಿ ಬಂದ. ಅಂದಿನಿಂದ ಬರಿಮೈಯಲ್ಲೇ ಕೆಲಸ ಮಾಡುತ್ತಾನೆ. ಬೆಲ್ಲ ಈಗ ಪಾಕೀಟಿಲ್ಲದೆ, ಹೆಸರಿಲ್ಲದೆ, ಗಾಣದ ಬಾಗಿಲಲ್ಲೇ ಮಾರಾಟವಾಗುತ್ತದೆ. ಬಹಳ ಜನ ಅದರ ಕಪ್ಪು ನೋಡಿ ಬಿಟ್ಟುಹೋಗುತ್ತಾರೆ.

ಆ ಹಂಗಾಮಿನಲ್ಲೇ ಒಂದು ಮುಂಜಾನೆ ವಿದ್ಯಾ ಬಂದಳು. ಜೊತೆಯಲ್ಲಿ ಕಾಜಲ್ ಇದ್ದಳು, ಒಂದಿಷ್ಟು ಎತ್ತರವಾಗಿದ್ದಳು. ಒಲೆಯ ಹೊಗೆ ತಾಗದಂತೆ ಹುಡುಗಿಯನ್ನು ಅಂಗಳದಾಚೆಯ ಬೇವಿನ ಕೆಳಗೆ ಅಲ್ಲಪ್ಪನ ಬಳಿ ಕೂರಿಸಿ, ತಾನು ಕಡಾಯಿಯ ಪಕ್ಕ ಬಂದು ನಿಂತಳು. ಕೂಡಿರಿ ಎಂದರೂ ಕೂಡಲಿಲ್ಲ. ಕಬ್ಬಿನ ಹಾಲು ಸುರಿಯುವುದು, ಬೆಂಡೆಯ ರಸ ಹಾಕುವುದು, ನೊರೆ ತೆಗೆಯುವುದು, ಪಾಕ ಉಕ್ಕಿ ಇಳಿಯುವುದು ಎಲ್ಲವನ್ನೂ ಕಣ್ಣು ಕೀಳದೆ ನೋಡಿದಳು. ಮುತ್ತಪ್ಪ ತಲೆ ಎತ್ತಲಿಲ್ಲ. ಗೌರಕ್ಕ ಈ ಸಲ ಆಣೆ ಮಾಡಲಿಲ್ಲ.

ಬೆಲ್ಲ ಆರಿದ ಮೇಲೆ ವಿದ್ಯಾ ಒಂದು ಚೂರು ಮುರಿದು ತಾನು ತಿಂದಳು. ಇನ್ನೊಂದು ಚೂರನ್ನು ಕಾಗದದಲ್ಲಿ ಕಟ್ಟಿದಳು.

“ಇದನ್ನ ಡಾಕ್ಟರಿಗೆ ತೋರಿಸ್ತೇನ್ರಿ ಅಕ್ಕಾರ,” ಎಂದಳು. “ಅವ್ರು ಹೂಂ ಅಂದ್ರ ಮತ್ತ ಬರ್ತೇನಿ.”

“ತೋರಿಸವ್ವ,” ಎಂದಳು ಗೌರಕ್ಕ. “ತೋರಿಸಿದ ಮ್ಯಾಲನ ಕೊಡು.”

ತಾಯಿ ಮಗಳು ರಸ್ತೆಯ ಕಡೆ ನಡೆದರು. ಮುತ್ತಪ್ಪ ಕಡಾಯಿ ತೊಳೆಯಲು ನೀರು ಸುರಿದ. ಗೌರಕ್ಕ ಮುಂದಿನ ಪಾಕಕ್ಕೆ ಒಲೆಗೆ ಕಬ್ಬಿನ ಒಣಗಿದ ಸೋಗೆ, ರವದಿ ಒಟ್ಟತೊಡಗಿದಳು.